ಶುಗರ್ ಇಲ್ಲದ ಜೋನಿ ಬೆಲ್ಲ

ಆಲೆಮನೆ ಶುರುವಾಯಿತೆಂದರೆ ಶಿರಸಿ ಸೀಮೆಯ ರಸ್ತೆ ಬದಿಗೆ ಬೋರ್ಡುಗಳೂ ಏಳುತ್ತವೆ. ಈ ಸಲದ್ದನ್ನು ನೀವೂ ನೋಡಿರುತ್ತೀರಿ: ‘ಶುಗರ್ ಫ್ರೀ ಜೋನಿ ಬೆಲ್ಲ. ಶುಗರ್ ಇದ್ದವರೂ ತಿನ್ನಬಹುದು.’ ಎರಡು ಶುಗರ್. ಒಂದು ಡಬ್ಬಿಯಲ್ಲಿ ಇಲ್ಲದ್ದು, ಇನ್ನೊಂದು ಗಿರಾಕಿಯ ರಕ್ತದಲ್ಲಿ ಇರುವುದು.

ಸಾಧನೆ ಸಣ್ಣದಲ್ಲ. ಕಬ್ಬಿನ ಹಾಲಿನಲ್ಲಿ ನೀರು ಬಿಟ್ಟರೆ ಇರುವುದು ಬಹುಪಾಲು ಸುಕ್ರೋಸೇ, ಅಂದರೆ ನಮ್ಮ ಸಕ್ಕರೆಯೇ. ಕೊಪ್ಪರಿಗೆಯಲ್ಲಿ ಕಾಯಿಸಿ 105 ಡಿಗ್ರಿ ಆಸುಪಾಸಿನಲ್ಲಿ ಇಳಿಸಿದರೆ ಪಾಕದ ಹಾಗೆ ಸುರಿಯುವ ಜೋನಿ, 118ರ ಹತ್ತಿರ ಒಯ್ದರೆ ಅಚ್ಚು ಬೆಲ್ಲ. ಆವಿಯಾಗಿ ಹೋಗುವುದು ನೀರು. ಸಕ್ಕರೆ ಯಾವ ಬಾಗಿಲಿಂದ ಹೊರಬಿತ್ತೋ, ಒಲೆಗೆ ಸೋಗೆ ತುರುಕುವವನೇ ಹೇಳಬೇಕು. ಕಾಯ್ದೆಯ ಪ್ರಕಾರ ‘ಸಕ್ಕರೆ ಮುಕ್ತ’ ಎನ್ನಬೇಕಾದರೆ 100 ಗ್ರಾಂನಲ್ಲಿ ಸಕ್ಕರೆ 0.5 ಗ್ರಾಂ ದಾಟಬಾರದು. ಜೋನಿಯಲ್ಲಿ ಸುಮಾರು 60 ಗ್ರಾಂ. ಬರೀ 120 ಪಟ್ಟು!

‘ಅದು ನ್ಯಾಚುರಲ್, ಸಕ್ಕರೆ ಅಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ಹಾಗಿದ್ದರೆ ಡಬ್ಬಿಯ ತಳದಲ್ಲಿ ಕಟ್ಟಿದ ಹರಳನ್ನು ಬೆರಳಲ್ಲಿ ಎತ್ತಿ ನೋಡಿ. ಹುಳಿಗೂ ಶಾಖಕ್ಕೂ ಸಿಕ್ಕಿ ಸುಕ್ರೋಸಿನ ಒಂದು ಪಾಲು ಗ್ಲುಕೋಸ್, ಫ್ರಕ್ಟೋಸ್ ಎಂಬ ಸಣ್ಣ ಸಕ್ಕರೆಗಳಾಗಿ ಒಡೆಯುತ್ತದೆ, ಅದಕ್ಕೇ ಜೋನಿ ಜೋನಿಯಾಗಿ ಉಳಿಯುವುದು. ಒಡೆದದ್ದು ಕಡಿಮೆಯಾದರೆ ಹರಳು ಕಟ್ಟುತ್ತದೆ. ಆ ಹರಳು ಕಿರಾಣಿ ಅಂಗಡಿಯ ಸಕ್ಕರೆಯ ಸ್ವಂತ ತಮ್ಮ.

ಬೋರ್ಡಿನವರಿಗೆ ಒಂದು ಉಪಾಯ ಪುಕ್ಕಟೆ ಕೊಡೋಣ. ಪಿಯುಸಿ ಲ್ಯಾಬಿನ ಬೆನೆಡಿಕ್ಟ್ ದ್ರಾವಣ ನೆನಪಿದೆಯಲ್ಲ, ಬಿಡಿ ಗ್ಲುಕೋಸ್, ಫ್ರಕ್ಟೋಸ್ ಸಿಕ್ಕರೆ ಬಣ್ಣ ಬದಲಿಸುವ ತಾಮ್ರದ ಆ ನೀಲಿ ನೀರು? 5 ಮಿಲಿ ತೆಗೆದುಕೊಂಡು ಎಂಟು ಹನಿ ಸಕ್ಕರೆ ನೀರು ಹಾಕಿ, ಕುದಿಯುವ ನೀರಲ್ಲಿ ಎರಡು ಮೂರು ನಿಮಿಷ ಇಡಿ. ನೀಲಿ ಕದಲುವುದಿಲ್ಲ. ಸುಕ್ರೋಸಿನಲ್ಲಿ ಗ್ಲುಕೋಸೂ ಫ್ರಕ್ಟೋಸೂ ಕೈ ಕೈ ಹಿಡಿದು ಕೂತಿರುವುದರಿಂದ ತಾಮ್ರದ ತಂಟೆಗೆ ಹೋಗಲು ಕೈ ಖಾಲಿ ಇಲ್ಲ. ಅದೇ ಜೋನಿ ಹಾಕಿ: ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪು. ಅಂದರೆ ಈ ಪರೀಕ್ಷೆಯಲ್ಲಿ ಪಾಸಾಗುವುದು ಬಿಳಿ ಸಕ್ಕರೆ, ನಪಾಸಾಗುವುದು ಬೆಲ್ಲ! ‘ಶುಗರ್ ಫ್ರೀ ಸಕ್ಕರೆ’ ಎಂದು ಬೋರ್ಡು ಬರೆಸಿ, ಲ್ಯಾಬ್ ರಿಪೋರ್ಟೂ ಅಂಟಿಸಬಹುದು. ಸಕ್ಕರೆ ನೀರಿಗೆ ಎರಡು ಹನಿ ಆಸಿಡ್ ಹಾಕಿ ಕುದಿಸಿ, ಅಡಿಗೆ ಸೋಡಾದಿಂದ ಹುಳಿ ಮುರಿದು ಮತ್ತೆ ಪರೀಕ್ಷಿಸುವ ತಲೆಹರಟೆಯವರನ್ನು ಮಾತ್ರ ಹತ್ತಿರ ಬಿಡಬಾರದು. ಆಸಿಡ್ಡಿಗೆ ಹಿಡಿದ ಕೈ ಬಿಟ್ಟು ಕೆಂಪಾಗಿಬಿಡುತ್ತದೆ.

ನಾಳೆ ಇದು ಘಟ್ಟ ಇಳಿದು ಕುಮಟೆಯಲ್ಲಿ ‘ಕಾರ್ಬ್ ಫ್ರೀ ಕುಚ್ಚಲಕ್ಕಿ’ ಆದರೂ ಆಗಬಹುದು. ಗ್ಲುಕೋಸ್ ಮಣಿಗಳನ್ನು ನೂರಾರು, ಸಾವಿರಾರು ಲೆಕ್ಕದಲ್ಲಿ ಪೋಣಿಸಿದ ಸರವೇ ಅಕ್ಕಿಯ ಪಿಷ್ಟ, ಅದೂ ಕಾರ್ಬೇ. ನಾಲಗೆಗೆ ಸಿಹಿ ತಾಗದಿದ್ದರೇನು, ಆರಿದ ಗಂಜಿಗೆ ಒಂದು ಹನಿ ಅಯೋಡಿನ್ ಬಿದ್ದರೆ ನೀಲಿಗಪ್ಪು, ಪಿಷ್ಟದ ಗುರುತು.

ಸಾಕು ನಗು. ಶುಗರ್ ಮಾತ್ರೆ ನುಂಗುವ ಮನೆಯ ಹಿರಿಯರು ಬೋರ್ಡು ನಂಬಿ ದೋಸೆಗೆ ಎರಡು ದೊಡ್ಡ ಚಮಚ ಜೋನಿ ಸುರಿದುಕೊಳ್ಳುತ್ತಾರೆ. 40 ಗ್ರಾಂ ಜೋನಿ, ಸುಮಾರು 24 ಗ್ರಾಂ ಸಕ್ಕರೆ. ಡಾಕ್ಟರು ಕೇಳಿದರೆ ‘ಸಕ್ಕರೆ ಮುಟ್ಟುವುದೇ ಇಲ್ಲ, ಬರೀ ಬೆಲ್ಲ’ ಎನ್ನುತ್ತಾರೆ, ಪಾಪ, ಸುಳ್ಳೂ ಅಲ್ಲ. ದುಡ್ಡು ಬೋರ್ಡಿನವನಿಗೆ, ಕಾಲಿನ ಹುಣ್ಣು ತಿಂದವನಿಗೆ. ಜೋನಿಗೆ ಜೋನಿ ಅಂತಲೇ ಬರೆದಿಟ್ಟರೆ ಶಿರಸಿಯಲ್ಲಿ ಕೊಳ್ಳದೆ ಮುಂದೆ ಹೋಗುವವರು ಯಾರಿದ್ದಾರೆ ಮಾರಾಯ್ರೆ?