ಓರಗಿತ್ತಿಯ ಲಕ್ಷ್ಮಿ, ನಮ್ಮ ಲಕ್ಷ್ಮಿ

ವರಮಹಾಲಕ್ಷ್ಮಿ ವ್ರತಕ್ಕೆ ಕಲಶ, ತೆಂಗಿನಕಾಯಿ, ಒಂಬತ್ತು ಗಂಟಿನ ದಾರ ಮತ್ತು ಭಕ್ತಿ ಇದ್ದರೆ ಸಾಕೆಂದು ನಮ್ಮತ್ತೆ ಈಗಲೂ ನಂಬಿದ್ದಾರೆ. ಅವರ ಬಳಿ ಸ್ಮಾರ್ಟ್‌ಫೋನ್ ಇಲ್ಲ. ಇದ್ದಿದ್ದರೆ, ಶ್ರಾವಣದ ಆ ಶುಕ್ರವಾರ ಬೆಳಕು ಹರಿಯುವ ಮೊದಲೇ ವಾಟ್ಸ್ಆ್ಯಪ್ ಸ್ಟೇಟಸ್‌ಗಳಲ್ಲಿ ಸಾಲುಗಟ್ಟುವ ಲಕ್ಷ್ಮಿಯರನ್ನು ಕಂಡು, ದೇವಿಗೆ ಬೆಳ್ಳಿಯ ಮುಖವಾಡ, ಜಡೆಬಿಲ್ಲೆ, ಡಾಬು, ಬೆನ್ನ ಹಿಂದೆ ತಾವರೆಯ ಪರದೆ ಎಲ್ಲವೂ ಬೇಕೆಂದು ಅವರಿಗೂ ತಿಳಿಯುತ್ತಿತ್ತು.

ಮೊದಲು ಹೋಲಿಕೆಯೇ ಇರಲಿಲ್ಲವೆಂದಲ್ಲ. ಅರಿಶಿನ ಕುಂಕುಮಕ್ಕೆ ಹೋದ ಮನೆಯ ಲಕ್ಷ್ಮಿಯನ್ನು ಅಡಿಯಿಂದ ಮುಡಿಯವರೆಗೆ ಅಳೆಯದೆ ಬಂದ ಹೆಂಗಸು ನಮ್ಮ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ಆಗ ಅಡುಗೆಮನೆಯೂ ಕಣ್ಣಿಗೆ ಬೀಳುತ್ತಿತ್ತು: ಸೀದುಹೋದ ಹೂರಣ, ತೊಳೆಯದ ಪಾತ್ರೆಗಳ ರಾಶಿ, ಸೀರೆ ಜಾರದಂತೆ ಲಕ್ಷ್ಮಿಯ ಬೆನ್ನಿಗೆ ಕಚ್ಚಿಸಿದ್ದ, ಬಟ್ಟೆ ಒಣಹಾಕುವ ಕ್ಲಿಪ್ಪು. ಅದನ್ನು ಕಂಡ ಮೇಲೆ ಅವರ ಕೋಸಂಬರಿಯೂ ರುಚಿಸುತ್ತಿತ್ತು. ಸ್ಟೇಟಸ್‌ನಲ್ಲಿ ದೇವಿಗೆ ಬೆನ್ನೇ ಇಲ್ಲ.

ಮನುಷ್ಯ ತನ್ನ ಸರೀಕರೊಂದಿಗೇ ತನ್ನನ್ನು ತೂಗಿ ನೋಡಿಕೊಳ್ಳುತ್ತಾನೆಂದು ಅಮೆರಿಕದ ಮನಃಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ 1954ರಲ್ಲೇ ಬರೆದ. ಓರಗಿತ್ತಿ ಎಂಬ ಸಂಬಂಧ ಅವನಿಗೆ ಗೊತ್ತಿದ್ದಿದ್ದರೆ ಸಿದ್ಧಾಂತ ಒಂದೇ ಪುಟದಲ್ಲಿ ಮುಗಿಯುತ್ತಿತ್ತು.

ನನ್ನ ಓರಗಿತ್ತಿ ಇರುವುದು ಮೈಸೂರಿನಲ್ಲಿ. ಕಳೆದ ವರ್ಷ ಅವಳ ಲಕ್ಷ್ಮಿ ಹೊಸ ನೋಟುಗಳ ಬೀಸಣಿಗೆಯ ನಡುವೆ ಕುಳಿತಿದ್ದಳು. ಹಾಗಾಗಿ ಈ ಸಲ ಯಜಮಾನರು ಬ್ಯಾಂಕಿನಿಂದ ಗರಿಗರಿ ನೋಟು ತಂದರು. ಮಲ್ಲಿಗೆ, ಕನಕಾಂಬರಗಳ ಬೆಲೆಯನ್ನು ಹಬ್ಬದ ಮುನ್ನಾದಿನ ಕೇಳುವಂತಿಲ್ಲವಾದ್ದರಿಂದ ನಾನೂ ಕೇಳದೆ ತೆಗೆದುಕೊಂಡು, ಹೂವಾಡಗಿತ್ತಿಗೆ ಬಾಕಿ ಹೇಳಿದೆ. ಬೆಳಿಗ್ಗೆ ಆಕೆ ಬಾಗಿಲಿಗೇ ಬಂದಾಗ, "ಶುಕ್ರವಾರ ಲಕ್ಷ್ಮಿಯನ್ನು ಮನೆಯಿಂದ ಆಚೆ ಕಳಿಸುವುದುಂಟೇನಮ್ಮ? ನಾಳೆ ಬಾ" ಎಂದು ಕಳಿಸಿದೆ.

'ಐದೇ ನಿಮಿಷದಲ್ಲಿ ಕಲಶಕ್ಕೆ ಸೀರೆ' ಎಂಬ ವಿಡಿಯೊದ ಆ ಐದು ನಿಮಿಷ ನಮ್ಮ ಮನೆಯಲ್ಲಿ ರಾತ್ರಿಯಿಡೀ ನಡೆದಿತ್ತು. ನೆರಿಗೆಯೇನೋ ಕೂತಿತು. ದೇವಿ ಮಾತ್ರ ಪಕ್ಕದ ಮನೆಯ ಮಾತಿಗೆ ಕಿವಿಗೊಟ್ಟವಳಂತೆ ಎಡಕ್ಕೆ ವಾಲಿದಳು. ಫೋಟೊ ಮುಗಿಯುವವರೆಗೆ ಯಜಮಾನರು ಪರದೆಯ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಪೀಠವನ್ನು ಹಿಡಿದುಕೊಳ್ಳುವುದೆಂದು ತೀರ್ಮಾನವಾಯಿತು. ಒಳಗಿನಿಂದ ಸೆಖೆ ಸೆಖೆ ಎಂಬ ಅಶರೀರವಾಣಿ ಕೇಳಿ ಮಗ ಫ್ಯಾನ್ ಹಾಕಿದ. ಬೀಸಣಿಗೆಯ ನೋಟುಗಳೆಲ್ಲ ನಡುಮನೆಯ ತುಂಬ ಹಾರಿದವು. ಒಂದನ್ನು ಪಾಯಸದಿಂದ ಎತ್ತಿ, ಒರೆಸಿ, ಮತ್ತೆ ಸಿಕ್ಕಿಸಿದೆವು.

ಅಂತೂ ಸ್ಟೇಟಸ್ ಏರಿತು. 24 ಗಂಟೆಯಲ್ಲಿ ಅಳಿಸಿಹೋಗುವ ವೈಭವವಾದ್ದರಿಂದ ಯಾರು ಯಾರು ನೋಡಿದರೆಂಬ ಪಟ್ಟಿಯ ಮೇಲೆ ಒಂದು ಕಣ್ಣು, ವ್ರತಕಥೆಯ ಪುಸ್ತಕದ ಮೇಲೆ ಇನ್ನೊಂದು. ಚಾರುಮತಿಯ ಕನಸಿನಲ್ಲಿ ದೇವಿ ಕಾಣಿಸಿಕೊಳ್ಳುವ ಹೊತ್ತಿಗೆ ಫೋನ್ ಸದ್ದು ಮಾಡಿತು. ಓರಗಿತ್ತಿಯೇ ಇರಬೇಕೆಂದು ತೆರೆದರೆ ಹೂವಾಡಗಿತ್ತಿ:

"ಲಕ್ಷ್ಮಿ ಕಣ್ಣು ತುಂಬಿದಳಮ್ಮ. ನಾಳೆ ಬರುತ್ತೇನೆ. ಆ ಬೀಸಣಿಗೆಯಲ್ಲಿ ಬಲಗಡೆಯ ಎರಡು ಗರಿ ಕಿತ್ತುಕೊಟ್ಟರೆ ನನ್ನ ಲೆಕ್ಕ ಚುಕ್ತಾ."