ಬಿಸಿಗಾಳಿಗೆ ಊರೂರಿನ ಲೆಕ್ಕ

ಶಾರ್ಜಾದಲ್ಲಿ ನೆಲೆಸಿ ಹದಿನಾಲ್ಕು ವರ್ಷಗಳಾದವು. ಈ ಅವಧಿಯಲ್ಲಿ ನಾನು ಮಾಡಿದ ಒಂದೇ ಒಂದು ದುಂದುವೆಚ್ಚವೆಂದರೆ ಹಳೆಯ ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಕಾರು. 2.5 ಲೀಟರಿನ ನಾಲ್ಕು ಸಿಲಿಂಡರಿನ ಬಾಕ್ಸರ್ ಇಂಜಿನ್, ಒಂದು ಟರ್ಬೊ, ಸುಮಾರು 300 ಅಶ್ವಶಕ್ತಿ, ಬಾನೆಟ್ಟಿನ ಮೇಲೆ ಬಾಯಿ ತೆರೆದು ನಿಂತ ಗಾಳಿಗಿಂಡಿ. ಆ ಗಿಂಡಿಯ ಕೆಳಗೆ, ಇಂಜಿನ್ನಿನ ನೆತ್ತಿಯ ಮೇಲೆಯೇ, ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕುಳಿತಿದೆ. ಡಿಸೆಂಬರಿನ ಬೆಳಗ್ಗೆ ಐದು ಗಂಟೆಗೆ ಜೆಬೆಲ್ ಜೈಸ್ ಬೆಟ್ಟದ ತಿರುವುಗಳಲ್ಲಿ ಚಿಗರೆಯಂತೆ ಓಡುವ ಇದೇ ಕಾರು, ಜುಲೈ ಮಧ್ಯಾಹ್ನ ದುಬೈ–ಶಾರ್ಜಾ ನಡುವಿನ ವಾಹನಗಳ ಸಾಲಿನಲ್ಲಿ ಅರ್ಧ ಗಂಟೆ ತೆವಳಿದ ಮೇಲೆ ಆಕ್ಸಿಲರೇಟರ್ ಒತ್ತಿದರೆ ಜ್ವರ ಬಂದ ಎತ್ತಿನಂತೆ ಎಳೆಯುತ್ತದೆ.

ಕಾರಣ ತಿಳಿಯದ್ದೇನಲ್ಲ. ಟರ್ಬೊ ಇಂಜಿನ್ನಿನೊಳಗೆ ಹೋಗುವ ಗಾಳಿಯನ್ನು ಅದುಮುತ್ತದೆ, ಅದುಮಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದು ಪಂಪಿನ ಬುಡ ಮುಟ್ಟಿದವರಿಗೆಲ್ಲ ಇದು ಗೊತ್ತು. ಬಿಸಿ ಗಾಳಿ ತೆಳುವಾಗಿರುವುದರಿಂದ ಅದರಲ್ಲಿ ಆಮ್ಲಜನಕ ಕಡಿಮೆ. ಸ್ಥೂಲವಾಗಿ ಹೇಳಬೇಕೆಂದರೆ ಮೂರು ಡಿಗ್ರಿ ಏರಿದಾಗ ನೂರರಲ್ಲಿ ಒಂದು ಪಾಲು ನಷ್ಟ. ಅದಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಬೇರೆಡೆ. ಗಾಳಿ ಬಿಸಿಯಾದಷ್ಟೂ ಪೆಟ್ರೋಲು ತನ್ನ ಹೊತ್ತಿಗೆ ಮೊದಲೇ ತಾನಾಗಿ ಹೊತ್ತಿಕೊಂಡು ನಾಕಿಂಗ್ ಆಗುವ ಅಪಾಯ ಹೆಚ್ಚುತ್ತದೆ. ಇಂಜಿನ್ನನ್ನು ಉಳಿಸಿಕೊಳ್ಳಲು ಅದನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯು ಕಿಡಿಯನ್ನು ತುಸು ತಡವಾಗಿ ಹಾರಿಸುತ್ತದೆ, ಟರ್ಬೊ ಒತ್ತಡವನ್ನು ಇಳಿಸುತ್ತದೆ. ಕಾರು ಸೋತಂತೆ ಅನಿಸುವುದು ಅದರಿಂದ.

ಇದಕ್ಕೆ ಏನು ಮಾಡಬೇಕೆಂಬ ವಿಷಯದಲ್ಲಿ ಇಲ್ಲಿಯ ರೀತಿ ಒಂದು, ನಮ್ಮೂರಿನ ರೀತಿ ಇನ್ನೊಂದು, ಮತ್ತು ನನ್ನ ಅನಿಸಿಕೆಯಲ್ಲಿ ಇವೆರಡೂ ಒಂದೇ ತಪ್ಪನ್ನು ಎರಡು ಕಡೆಯಿಂದ ಮಾಡುತ್ತವೆ. ಗಾಳಿಗೆ ಬಿಸಿ ಎಲ್ಲಿಂದ ಬಂತು ಎಂದು ಕೇಳುವುದಕ್ಕೆ ಮೊದಲೇ ಇಬ್ಬರೂ ಸಾಮಾನು ಕೊಳ್ಳುತ್ತಾರೆ.

ಇಲ್ಲಿಯ ಗ್ಯಾರೇಜುಗಳಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತದೆ: ಮೇಲಿನ ಇಂಟರ್‌ಕೂಲರ್ ತೆಗೆದುಹಾಕಿ, ಬಂಪರಿನ ಹಿಂದೆ ದೊಡ್ಡದೊಂದನ್ನು ಕೂರಿಸಿ. ಬಂಪರಿನ ಹಿಂದೆ ಇಂಜಿನ್ನಿನ ಬಿಸಿ ತಾಗುವುದಿಲ್ಲ, ಎದುರುಗಾಳಿ ನೇರವಾಗಿ ಸಿಗುತ್ತದೆ ಎಂಬ ವಾದದಲ್ಲಿ ಸುಳ್ಳಿಲ್ಲ. ಆದರೆ ಹಾಗೆ ಮಾಡಿದಾಗ ಪೈಪುಗಳು ಉದ್ದವಾಗುತ್ತವೆ, ಆ ಉದ್ದದಲ್ಲಿ ಸ್ವಲ್ಪ ಒತ್ತಡ ಕುಗ್ಗುತ್ತದೆ, ಅದನ್ನು ತುಂಬಿಕೊಡಲು ಟರ್ಬೊ ಮತ್ತಷ್ಟು ದುಡಿದು ಗಾಳಿಯನ್ನು ಮತ್ತಷ್ಟು ಕಾಯಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೊಸ ಇಂಟರ್‌ಕೂಲರ್ ಹೋಗಿ ನಿಲ್ಲುವುದು ಎಸಿ ಕಂಡೆನ್ಸರ್ ಮತ್ತು ರೇಡಿಯೇಟರುಗಳ ಎದುರಿಗೆ. ಅದು ಬಿಟ್ಟ ಬಿಸಿಯನ್ನೇ ಅವೆರಡೂ ಉಣ್ಣಬೇಕು. ಆಗಸ್ಟಿನಲ್ಲಿ ಎಸಿ ಸೊರಗಿದ ಕಾರಿನೊಳಗೆ ಬೆವರು ಸುರಿಸುತ್ತ ಕುಳಿತವನಿಗೆ ಮೂವತ್ತು ಅಶ್ವಶಕ್ತಿ ಹೆಚ್ಚು ಸಿಕ್ಕರೆ ಅದನ್ನು ಯಾರಿಗೆ ತೋರಿಸಬೇಕು? ರೇಸ್ ಟ್ರ್ಯಾಕಿನಲ್ಲಿ ಮಾತ್ರ ಓಡಿಸುವವರ ಮಾತು ಬೇರೆ. ಅವರಿಗೆ ಅದು ಸರಿಯಾದ ದಾರಿಯೇ.

ಒಂದು ಗ್ಯಾರೇಜಿನವರು ನನಗೂ ಇದನ್ನೇ ಹೇಳಿದರು, ಏಳು ಸಾವಿರ ದಿರ್ಹಮಿನ ಅಂದಾಜನ್ನೂ ಬರೆದುಕೊಟ್ಟರು. ಮೊದಲು ಅಳೆದು ನೋಡೋಣವೆಂದು ನಾನು ಹೊರಟೆ, ಆಗ ಒಂದು ತಮಾಷೆ ಬಯಲಾಯಿತು. ನನ್ನ ಕಾರಿನಲ್ಲಿ ಗಾಳಿಯ ಉಷ್ಣಾಂಶ ತೋರಿಸುವ ಸೆನ್ಸರ್ ಏರ್ ಫಿಲ್ಟರಿನ ಪಕ್ಕದಲ್ಲಿದೆ, ಅಂದರೆ ಟರ್ಬೊಗೂ ಮೊದಲು. ಮೊಬೈಲಿನಲ್ಲಿ ಆ ಅಂಕಿಯನ್ನು ನೋಡಿ ಇಂಟರ್‌ಕೂಲರಿನ ಯೋಗ್ಯತೆ ನಿರ್ಣಯಿಸುವುದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಒಲೆಯ ಮೇಲಿನ ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಹೇಳಿದಂತೆ. ಇಂಟರ್‌ಕೂಲರ್ ದಾಟಿದ ಗಾಳಿಯ ಉಷ್ಣಾಂಶ ಬೇಕಾದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಹತ್ತಿರ ಇನ್ನೊಂದು ಸೆನ್ಸರ್ ಬೇಕು. ಅದನ್ನು ಹಾಕಿಸಿ ನೋಡಿದರೆ, ಹೊರಗೆ 43 ಡಿಗ್ರಿ ಇದ್ದ ದಿನ ನಿಂತ ವಾಹನಗಳ ನಡುವೆ 80ರ ಹತ್ತಿರ ಹೋದದ್ದು, ಖಾಲಿ ಹೆದ್ದಾರಿಯಲ್ಲಿ ಹತ್ತು ನಿಮಿಷ ಓಡಿದ ಮೇಲೂ ಇಳಿಯಬೇಕಾದಷ್ಟು ಇಳಿಯುತ್ತಿರಲಿಲ್ಲ. ಬಾನೆಟ್ ಎತ್ತಿ ನೋಡಿದಾಗ ಗಾಳಿಗಿಂಡಿಗೂ ಇಂಟರ್‌ಕೂಲರಿಗೂ ನಡುವಿನ ರಬ್ಬರ್ ಅಂಚು ಬಿಸಿಲಿಗೆ ಒಣಗಿ ಬಿರಿದು ಅರ್ಧ ಉದುರಿಹೋಗಿತ್ತು. ಗಿಂಡಿಯಿಂದ ಬಂದ ಗಾಳಿ ಇಂಟರ್‌ಕೂಲರಿನ ರೆಕ್ಕೆಗಳ ನಡುವೆ ನುಗ್ಗುವ ಬದಲು ಸುಲಭದ ದಾರಿ ಹಿಡಿದು ಪಕ್ಕದಿಂದ ಜಾರಿಹೋಗುತ್ತಿತ್ತು. ಹೊಸ ರಬ್ಬರಿಗೆ, ಟರ್ಬೊದ ಮೇಲಿನ ಶಾಖ ತಡೆಯುವ ಹೊದಿಕೆಗೆ, ರೆಕ್ಕೆಗಳ ನಡುವಿನ ಮರಳು ತೊಳೆಸಿದ್ದಕ್ಕೆ ಎಲ್ಲ ಸೇರಿ ಆದ ಖರ್ಚು ಆ ಅಂದಾಜಿನ ಹತ್ತರಲ್ಲಿ ಒಂದು ಪಾಲೂ ಅಲ್ಲ.

ಊರಿಗೆ ಹೋದಾಗ ಈ ಕಥೆಯನ್ನು ಬೆಂಗಳೂರಿನ ಭಾವಮೈದನಿಗೆ ಹೇಳಿದೆ. ಅವನಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಟಿಎಸ್‌ಐ ಇದೆ, ಅದರ ಮೇಲೆ ಅವನಿಗೆ ಮಗುವಿನಷ್ಟೇ ಮಮತೆ. "ಭಾವ, ನಿಮ್ಮದು ಮರಳುಗಾಡು. ನಮ್ಮಲ್ಲಿ ಫ್ಯಾನೇ ಬೇಡ, ಇನ್ನು ಕಾರಿಗ್ಯಾಕೆ ಈ ಚಿಂತೆ?" ಎಂದು ನಕ್ಕ. ಬೆಂಗಳೂರಿನವರ ಈ ಹೆಮ್ಮೆಯನ್ನು ಕಲಬುರಗಿಯವನಾದ ನಾನು ಬಹಳ ವರ್ಷಗಳಿಂದ ಸಹಿಸಿಕೊಂಡು ಬಂದಿದ್ದೇನೆ. ಆ ದಿನ ಮಾತ್ರ ಕಾಗದ, ಪೆನ್ನು ತೆಗೆದುಕೊಂಡೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಗಾಳಿಯ ಒತ್ತಡ ಕರಾವಳಿಗಿಂತ ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲು ಕಡಿಮೆ. ಇಂಜಿನ್ನಿಗೆ ಎರಡು ಬಾರ್ ಒತ್ತಡದ ಗಾಳಿ ಬೇಕೆಂದುಕೊಳ್ಳೋಣ. ದುಬೈಯಲ್ಲಿ ಟರ್ಬೊ ಹೊರಗಾಳಿಯನ್ನು ಎರಡು ಪಟ್ಟು ಅದುಮಿದರೆ ಸಾಕು, ಬೆಂಗಳೂರಿನಲ್ಲಿ 2.2 ಪಟ್ಟು ಅದುಮಬೇಕು. ಟರ್ಬೊದ ದಕ್ಷತೆ ನೂರಕ್ಕೆ ಎಪ್ಪತ್ತು ಎಂದು ಹಿಡಿದು ಲೆಕ್ಕ ಹಾಕಿದರೆ, ದುಬೈಯ 43 ಡಿಗ್ರಿಯ ಗಾಳಿ ಟರ್ಬೊದಿಂದ 142 ಡಿಗ್ರಿಯಾಗಿ ಹೊರಬರುತ್ತದೆ, ಬೆಂಗಳೂರಿನ 28 ಡಿಗ್ರಿಯ ಗಾಳಿ 137 ಡಿಗ್ರಿಯಾಗಿ. ಹೊರಗೆ ಹದಿನೈದು ಡಿಗ್ರಿಯಷ್ಟಿದ್ದ ಅಂತರ ಟರ್ಬೊ ದಾಟುವಷ್ಟರಲ್ಲಿ ಐದಕ್ಕೆ ಇಳಿಯಿತು. ಬೆಂಗಳೂರಿನ ತಂಪು ಕೈಹಿಡಿಯುವುದು ಆಮೇಲೆ, ಇಂಟರ್‌ಕೂಲರಿನಲ್ಲಿ ಮಾತ್ರ. ಅದು ಒಳ್ಳೆಯದಿದ್ದು ಅದಕ್ಕೆ ಗಾಳಿ ತಾಗುತ್ತಿದ್ದರೆ ಬೆಂಗಳೂರಿನಲ್ಲಿ 55, ದುಬೈಯಲ್ಲಿ 68 ಎಂದು ಲೆಕ್ಕ ಬರುತ್ತದೆ. ಆದ್ದರಿಂದ ತಂಪಿನ ಊರಿನಲ್ಲಿ ಇಂಟರ್‌ಕೂಲರಿನ ಗೊಡವೆ ಬೇಡವೆನ್ನುವುದು ತಲೆಕೆಳಗಾದ ಮಾತು. ಸಿಲ್ಕ್ ಬೋರ್ಡಿನ ಬಳಿ ಕಾರು ನಿಂತೇ ಇರುವುದರಿಂದ ಗಾಳಿ ತಾಗುವ ಮಾತನ್ನು ನಾನು ಎತ್ತಲಿಲ್ಲ.

ಭಾವಮೈದನ ಕಾರಿನ ಏರ್ಪಾಡು ಅಲ್ಲಿಗೆ ನನ್ನದಕ್ಕಿಂತ ಮೇಲು ಎಂಬುದನ್ನು ಒಪ್ಪಲೇಬೇಕು. ಅದರಲ್ಲಿ ಟರ್ಬೊ ಗಾಳಿಯನ್ನು ತಣಿಸುವುದು ಇನ್‌ಟೇಕ್ ಮ್ಯಾನಿಫೋಲ್ಡಿನೊಳಗೇ ಸೇರಿಕೊಂಡ, ನೀರು ಹರಿಯುವ ಕೂಲರ್. ನೀರು ತೂಕಕ್ಕೆ ತೂಕ ಗಾಳಿಯ ನಾಲ್ಕು ಪಟ್ಟು ಬಿಸಿಯನ್ನು ಹೀರಿ ಇಟ್ಟುಕೊಳ್ಳಬಲ್ಲದು. ಒಮ್ಮೆ ನುಗ್ಗಿ ಮತ್ತೆ ನಿಲ್ಲುವ ಊರಿನ ಸಂಚಾರಕ್ಕೆ ಇದು ಹೇಳಿ ಮಾಡಿಸಿದ್ದು. ಇಪ್ಪತ್ತು ನಿಮಿಷ ಬಿಡದೆ ಟ್ರ್ಯಾಕಿನಲ್ಲಿ ಓಡಿಸಿದರೆ ಮಾತ್ರ ನೀರೇ ಕಾದು ಕೈಚೆಲ್ಲುತ್ತದೆ. ಇಷ್ಟು ಚೆನ್ನಾಗಿದ್ದ ವ್ಯವಸ್ಥೆಗೆ ಅವನು ಮಾಡಿದ ಅನ್ಯಾಯವೆಂದರೆ, ಕಂಪನಿ ಕೊಟ್ಟ ಮುಚ್ಚಿದ ಫಿಲ್ಟರ್ ಡಬ್ಬಿಯನ್ನು ಕಿತ್ತು ತೆರೆದ ಶಂಕುವಿನಾಕಾರದ ಫಿಲ್ಟರ್ ಹಾಕಿಸಿದ್ದು. ಅದರಿಂದ ಬರುವ ಉಸಿರಿನ ಸದ್ದು ಬೆಂಗಳೂರಿನ ಹುಡುಗರಿಗೆ ಸಂಗೀತ. ಮುಚ್ಚಿದ ಡಬ್ಬಿ ಗ್ರಿಲ್ಲಿನ ಹತ್ತಿರದ ಹೊರಗಾಳಿಯನ್ನು ಎಳೆದುಕೊಳ್ಳುತ್ತಿತ್ತು, ತೆರೆದ ಫಿಲ್ಟರ್ ಬಾನೆಟ್ಟಿನಡಿಯ ಕುದಿಗಾಳಿಯನ್ನು ಎಳೆಯುತ್ತದೆ. ಊರೆಲ್ಲ ತಂಪಾಗಿರುವಾಗ ತನ್ನ ಕಾರಿಗೆ ಅವನು ದುಡ್ಡು ಕೊಟ್ಟು ಮರಳುಗಾಡನ್ನು ಕೊಂಡಿದ್ದ.

ಇನ್ನು ನೀರು ಚಿಮುಕಿಸುವ ಉಪಾಯ. ಹಿಂದಿನ ಕೆಲವು ಎಸ್‌ಟಿಐ ಮಾದರಿಗಳಲ್ಲಿ ಇಂಟರ್‌ಕೂಲರಿನ ಹೊರಮೈ ಮೇಲೆ ನೀರೆರಚುವ ವ್ಯವಸ್ಥೆಯನ್ನು ಕಂಪನಿಯೇ ಕೊಡುತ್ತಿತ್ತು. ಮಿತ್ಸುಬಿಶಿಯ ಲ್ಯಾನ್ಸರ್ ಇವೊಲ್ಯೂಷನ್ನಿನಲ್ಲಿಯೂ ಇತ್ತು, 2017ರಲ್ಲಿ ಬಂದ ಪೋರ್ಶೆ 911 ಜಿಟಿ2 ಆರ್‌ಎಸ್‌ನಲ್ಲಿಯೂ ಇದೆ. ಕಲಬುರಗಿಯಲ್ಲಿ ಬೆಳೆದವನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಮೇ ತಿಂಗಳ 42 ಡಿಗ್ರಿಯಲ್ಲಿ ಹರವಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುವುದೂ, ಕಿಟಕಿಗೆ ಕಟ್ಟಿದ ಕೂಲರಿನ ಒದ್ದೆ ಹುಲ್ಲಿನಿಂದ ತಂಗಾಳಿ ಬರುವುದೂ ಇದೇ ಕಾರಣಕ್ಕೆ: ನೀರು ಆವಿಯಾಗುವಾಗ ಬಿಸಿಯನ್ನು ಹೊತ್ತೊಯ್ಯುತ್ತದೆ. ಆದರೆ ಇಲ್ಲಿರುವ ನನ್ನ ಮಂಗಳೂರಿನ ಗೆಳೆಯರ ಊರಿನ ಮನೆಗಳಲ್ಲಿ ಅಂಥ ಕೂಲರ್ ಯಾವತ್ತೂ ಇರಲಿಲ್ಲ, ಏಕೆಂದರೆ ನೀರಿನಿಂದ ತುಂಬಿದ ಗಾಳಿಗೆ ಮತ್ತೆ ನೀರು ಕುಡಿಯುವ ಆಸೆ ಇರುವುದಿಲ್ಲ. ಕೊಲ್ಲಿಯ ದಂಡೆ ಆಗಸ್ಟಿನಲ್ಲಿ ಮಂಗಳೂರನ್ನೂ ನಾಚಿಸುತ್ತದೆ. ಕೆಲವು ದಿನ ಗಾಳಿಯ ನೂರರಲ್ಲಿ ನಾಲ್ಕು ಪಾಲು ಬರೀ ನೀರಾವಿ, ಅಷ್ಟು ಆಮ್ಲಜನಕಕ್ಕೂ ಅದು ಜಾಗ ಬಿಡುವುದಿಲ್ಲ. ಇಂಟರ್‌ಕೂಲರ್ ಕಾದಿರುವುದರಿಂದ ಅದರ ಮೇಲಿನ ನೀರು ಆಗಲೂ ಸ್ವಲ್ಪ ಆವಿಯಾಗುತ್ತದೆ ನಿಜ, ಫಲ ಮಾತ್ರ ಕಡಿಮೆ. ಅದೇ ನೂರೈವತ್ತು ಕಿಲೋಮೀಟರು ಒಳನಾಡಿಗೆ, ಅಲ್ ಐನ್ ಕಡೆಗೆ ಹೋಗಿ ಜೆಬೆಲ್ ಹಫೀತ್ ಬೆಟ್ಟ ಹತ್ತುವಾಗ ಅಲ್ಲಿಯ ಒಣಗಾಳಿ ನನ್ನ ಊರಿನದೇ. ಒಂದೇ ದೇಶದೊಳಗೆ ಕಲಬುರಗಿಯೂ ಮಂಗಳೂರೂ ಇವೆ, ಆದರೆ ಅಂಗಡಿಯವರು ಎರಡಕ್ಕೂ ಒಂದೇ ಪೆಟ್ಟಿಗೆಯನ್ನು ಮಾರುತ್ತಾರೆ.

ನೀರು–ಮೆಥನಾಲ್ ಬೆರಕೆಯನ್ನು ನೇರವಾಗಿ ಒಳಗಾಳಿಗೇ ಸಿಂಪಡಿಸುವುದು ಇನ್ನೂ ಪ್ರಬಲವಾದ ಮದ್ದು. ಹೊಸದೂ ಅಲ್ಲ; 1962ರಲ್ಲಿಯೇ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಟರ್ಬೊ ಕಾರಿನಲ್ಲಿ ಇಂಥ ದ್ರವದ ತೊಟ್ಟಿ ಇತ್ತು. ಅದನ್ನು ತುಂಬಿಸಲು ಮಾಲೀಕರು ಮರೆಯುತ್ತಿದ್ದರು, ತೊಟ್ಟಿ ಬರಿದಾದಾಗ ಕಾರು ತನ್ನ ಟರ್ಬೊ ಒತ್ತಡವನ್ನು ತಾನೇ ಕಡಿತಗೊಳಿಸಿಕೊಳ್ಳುತ್ತಿತ್ತು, ಎರಡು ವರ್ಷಗಳಲ್ಲಿ ಆ ಮಾದರಿ ನಿಂತಿತು. ಇಂದು ಹೊರಗಿನಿಂದ ತಂದು ಜೋಡಿಸುವ ಅನೇಕ ಕಿಟ್‌ಗಳಲ್ಲಿ ಅಷ್ಟು ಎಚ್ಚರವೂ ಇರುವುದಿಲ್ಲ. ವಿಷವಾದ ಮೆಥನಾಲನ್ನು ಮಕ್ಕಳಿರುವ ಮನೆಯಲ್ಲಿ ಕ್ಯಾನುಗಟ್ಟಲೆ ಇಟ್ಟುಕೊಳ್ಳುವುದಕ್ಕೂ ನನಗೆ ಮನಸ್ಸಿಲ್ಲ.

ಪೆಟ್ರೋಲಿನ ವಿಷಯದಲ್ಲಿ ಇಲ್ಲಿ ನಮಗೆ ಅನುಕೂಲವಿದೆ, ಬಂಕಿನಲ್ಲಿ 98 ಆಕ್ಟೇನ್ ಸುಲಭವಾಗಿ ಸಿಗುತ್ತದೆ; ಅದು ಗಾಳಿಯನ್ನು ತಣಿಸುವುದಿಲ್ಲ, ಬಿಸಿಯನ್ನು ತಾಳಿಕೊಳ್ಳುವ ಶಕ್ತಿ ಕೊಡುತ್ತದೆಯಷ್ಟೆ. ತಣಿಸುವ ಗುಣ ನಿಜವಾಗಿ ಇರುವುದು ನಮ್ಮೂರಿನವರು ಬೈದುಕೊಂಡೇ ತುಂಬಿಸುವ ಎಥೆನಾಲ್ ಬೆರೆತ ಪೆಟ್ರೋಲಿಗೆ. ಎಥೆನಾಲ್ ಆವಿಯಾಗಲು ಪೆಟ್ರೋಲಿನ ಎರಡು ಪಟ್ಟಿಗಿಂತ ಹೆಚ್ಚು ಶಾಖ ಬೇಡುತ್ತದೆ, ಆ ಶಾಖವನ್ನು ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಅದಕ್ಕೆ ತಕ್ಕಂತೆ ತಯಾರಾದ ಟರ್ಬೊ ಇಂಜಿನ್ನಿನಲ್ಲಿ ಮಂಡ್ಯ, ಬೆಳಗಾವಿಯ ಕಬ್ಬೂ ಒಂದು ಬಗೆಯ ಇಂಟರ್‌ಕೂಲರ್ ಎಂದು ನಾನು ಹೇಳಿದಾಗ ಭಾವಮೈದ ಮೈಲೇಜಿನ ಮಾತೆತ್ತಿದ. ಆ ದೂರಿನಲ್ಲಿಯೂ ಹುರುಳಿದೆ.

ಈಗ ನನ್ನ ಕಾರಿನ ಹಿಂಬದಿಯಲ್ಲಿ ನಾಲ್ಕು ಲೀಟರಿನ ನೀರಿನ ತೊಟ್ಟಿ ಇದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಶಾರ್ಜಾದಲ್ಲಿ ಅದನ್ನು ಖಾಲಿ ಬಿಡುತ್ತೇನೆ, ಅಲ್ ಐನ್‌ಗೆ ಹೊರಡುವ ದಿನ ಮಾತ್ರ ತುಂಬಿಸುತ್ತೇನೆ. ಹಳೆಯ ಫಿಲ್ಟರ್ ಡಬ್ಬಿ ಅಟ್ಟದ ಮೇಲಿದೆ, ಹುಡುಕಿಸುತ್ತೇನೆ ಎಂದು ಭಾವಮೈದ ಕಳೆದ ವಾರ ಫೋನಿನಲ್ಲಿ ಹೇಳಿದ.