ಪೈನ್ ಮರದ ಮೇಲೆ ಕೂರದ ಹಕ್ಕಿ

ಜಪಾನಿನ ಕೆಂಪು ನೆತ್ತಿಯ ಕ್ರೌಂಚವನ್ನು ಯಾರೂ ಹೊಸದಾಗಿ ನೋಡುವುದಿಲ್ಲ. ಮದುವಣಗಿತ್ತಿಯ ಕಿಮೋನೋದಲ್ಲಿ, ಜಪಾನ್ ಏರ್‌ಲೈನ್ಸ್ ವಿಮಾನದ ಬಾಲದಲ್ಲಿ, 1984ರಲ್ಲಿ ಹೊರಬಂದ ಸಾವಿರ ಯೆನ್ ನೋಟಿನ ಹಿಂಬದಿಯಲ್ಲಿ ಅದು ಮೊದಲೇ ಪರಿಚಯವಾಗಿರುತ್ತದೆ. ಆದ್ದರಿಂದ ಜಪಾನಿನ ಉತ್ತರದ ದ್ವೀಪವಾದ ಹೊಕ್ಕೈಡೋದ ತ್ಸುರುಯಿ ಹಳ್ಳಿಯ ಓತೊವಾ ಸೇತುವೆಯ ಮೇಲೆ ಚಳಿಗಾಲದ ನಸುಕಿನಲ್ಲೇ ಟ್ರೈಪಾಡ್ ಊರಿ ಸಾಲುಗಟ್ಟಿ ನಿಲ್ಲುವ ಛಾಯಾಗ್ರಾಹಕರು ಕಾಯುವುದು ಹಕ್ಕಿಗಲ್ಲ, ತಾವು ಆಗಲೇ ಕಂಡಿರುವ ಚಿತ್ರಕ್ಕೆ ಎಂದು ನನ್ನ ಗುಮಾನಿ.

ಆ ಚಿತ್ರವೇನೋ ಚೆಲುವಾದದ್ದೇ. ಚಳಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿದರೂ ಹೆಪ್ಪುಗಟ್ಟದ ಸೆತ್ಸುರಿ ನದಿಯಿಂದ ಹಬೆ ಏಳುತ್ತದೆ. ದಡದ ಕೊಂಬೆಗಳಿಗೆಲ್ಲ ಹಿಮದ ಹರಳು ಕಟ್ಟುತ್ತದೆ. ನರಿಗಳ ಕೈಗೆ ಸಿಗದಂತೆ ನೀರಿನಲ್ಲೇ ನಿಂತು ರಾತ್ರಿ ಕಳೆದ ಹಕ್ಕಿಗಳು ಒಂದೊಂದಾಗಿ ಕತ್ತು ಬಿಚ್ಚುತ್ತವೆ. ಕಷ್ಟವಿರುವುದು ಕ್ಯಾಮೆರಾಕ್ಕೆ. ಅದರ ಬೆಳಕಿನ ಮಾಪಕವು ಹಿಮವನ್ನು ಕಂಡು ಬೆಳಕು ಹೆಚ್ಚಾಯಿತೆಂದು ಭ್ರಮಿಸಿ ಇಡೀ ದೃಶ್ಯವನ್ನು ಬೂದು ಮಾಡಿಬಿಡುತ್ತದೆ. ಅದನ್ನು ಸರಿಪಡಿಸಲು ಎಕ್ಸ್‌ಪೋಷರ್ (ಕ್ಯಾಮೆರಾದೊಳಕ್ಕೆ ಬಿಡುವ ಬೆಳಕು) ಏರಿಸಿದರೆ ಬಿಳಿ ಗರಿಗಳ ಎಳೆಯೆಲ್ಲ ಅಳಿಸಿಹೋಗುತ್ತದೆ. ಇವೆರಡರ ನಡುವೆ ನಿಖರವಾಗಿ ಉಳಿಯುವುದು ನೆತ್ತಿಯ ಕೆಂಪು ಮಾತ್ರ. ಅದೂ ಗರಿಯಲ್ಲ, ಬರಿಯ ಚರ್ಮ.

ಕ್ಯಾಮೆರಾ ಹಳೆಯ ಚಿತ್ರಕಾರರ ಗುಟ್ಟನ್ನೂ ಬಯಲು ಮಾಡಿದೆ. ಅವರು ಈ ಹಕ್ಕಿಯನ್ನು ಪೈನ್ ಮರದ ಕೊಂಬೆಯ ಮೇಲೆ ಸಲೀಸಾಗಿ ಕೂರಿಸಿದ್ದರು. ಹಿಂಬೆರಳು ಚಿಕ್ಕದಾಗಿ ಮೇಲಕ್ಕಿರುವ ಈ ಕ್ರೌಂಚಕ್ಕೆ ಕೊಂಬೆಯನ್ನು ಹಿಡಿಯಲಾಗದು. ಅದು ಜೌಗುನೆಲದ ಜೀವಿ. ಪೈನ್ ದೀರ್ಘಾಯುಷ್ಯದ ಗುರುತು, ಕ್ರೌಂಚವೂ ಅದರದೇ ಗುರುತು, ಎರಡೂ ಒಟ್ಟಿಗಿದ್ದರೆ ಶುಭವಲ್ಲವೇ ಎಂಬುದು ಚಿತ್ರಕಾರನ ಲೆಕ್ಕಾಚಾರವಾಗಿದ್ದಿರಬೇಕು. ಬಾಲದ ಕಪ್ಪೂ ಬಾಲದ್ದಲ್ಲ: ಮಡಿಸಿದ ರೆಕ್ಕೆಯ ಕರಿಗರಿಗಳು ಬಿಳಿ ಬಾಲವನ್ನು ಮುಚ್ಚಿರುತ್ತವೆ.

ಕ್ರೌಂಚಕ್ಕೆ ಸಾವಿರ ವರ್ಷ, ಆಮೆಗೆ ಹತ್ತು ಸಾವಿರ ವರ್ಷ ಎನ್ನುತ್ತದೆ ಜಪಾನಿ ಗಾದೆ. ಹಿರೋಷಿಮಾದ ಅಣುಬಾಂಬಿನ ವಿಕಿರಣಕ್ಕೆ ಸಿಕ್ಕು 1955ರಲ್ಲಿ ತೀರಿಕೊಂಡ ಬಾಲಕಿ ಸದಾಕೋ ಸಸಾಕಿ ಬದುಕುವ ಆಸೆಯಿಂದ ಕಾಗದದ ಕ್ರೌಂಚಗಳನ್ನು ಮಡಿಸುತ್ತಿದ್ದದ್ದೂ ಈ ನಂಬಿಕೆಯಿಂದಲೇ. ಆದರೆ ಸಾವಿರ ವರ್ಷದ ಆಯುಸ್ಸನ್ನು ಹೊರಿಸಿಕೊಂಡ ಹಕ್ಕಿಯೇ, ಮೇಜಿ ಕಾಲದ (1868–1912) ಬೇಟೆಯಿಂದಲೂ ಜೌಗುಭೂಮಿಯ ನಾಶದಿಂದಲೂ ದೇಶದಿಂದ ಮರೆಯಾಯಿತೆಂದು ಜನ ಕೈಬಿಟ್ಟಿದ್ದರು. 1924ರಲ್ಲಿ ಹೊಕ್ಕೈಡೋದ ಕುಶಿರೋ ಜೌಗಿನಲ್ಲಿ ಹತ್ತಿಪ್ಪತ್ತು ಹಕ್ಕಿಗಳು ಕಂಡವು. ಅವುಗಳನ್ನು ಉಳಿಸಿದ್ದರಲ್ಲಿ ದೊಡ್ಡ ಪಾಲು 1950ರ ದಶಕದ ಆರಂಭದ ಚಳಿಗಾಲಗಳಲ್ಲಿ ರೈತರು ಎರಚಿದ ಮೆಕ್ಕೆಜೋಳದ್ದು. ಇಂದು ಅವು ಸಾವಿರಕ್ಕೂ ಹೆಚ್ಚಿವೆ.

ಆ ಮೆಕ್ಕೆಜೋಳ ಮಾತ್ರ ಯಾವ ಕ್ಯಾಲೆಂಡರಿನಲ್ಲೂ ಕಾಣಿಸುವುದಿಲ್ಲ. ಹಿಮದಲ್ಲಿ ಚೆಲ್ಲಿದ ಹಳದಿ ಕಾಳು, ಅದಕ್ಕಾಗಿ ಜಗಳವಾಡುವ ಕಾಗೆಗಳು, ಕೊಕ್ಕಿನ ತುದಿಗೆ ಕಾಳು ಅಂಟಿಸಿಕೊಂಡ ಗಂಭೀರ ಮುಖದ ಕ್ರೌಂಚ, ಇವೆಲ್ಲ ಚೌಕಟ್ಟಿನ ಹೊರಗೇ ಉಳಿಯುತ್ತವೆ. ಒಂದೇ ಕಡೆ ಗುಂಪುಗೂಡಿದರೆ ರೋಗ ಹರಡೀತೆಂದು ಸರ್ಕಾರ ಈಗ ಕಾಳನ್ನು ಕ್ರಮೇಣ ಕಡಿಮೆ ಮಾಡುತ್ತಿರುವುದರಿಂದ, ಕ್ರೌಂಚ ಜೋಡಿಯ ನೃತ್ಯಕ್ಕಾಗಿ ಕಾಯುವವರು ಲೆನ್ಸನ್ನು ಒಮ್ಮೆ ಅತ್ತ ತಿರುಗಿಸಬಾರದೇಕೆ?